ಕುರ್ಚಿಯಿಂದ ಏಳುವ ವಿದ್ಯೆ

ಕಂಪವಾತ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಕಣ್ಣಿಗೆ ಕಟ್ಟುವುದು ನಡುಗುವ ಒಂದು ಕೈ. ಹೆಸರೇ ಹಾಗಿದೆಯಷ್ಟೆ, ಕಂಪವೆಂದರೆ ನಡುಕ. 1817ರಲ್ಲಿ ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ ಎಂಬಾತ ಈ ರೋಗದ ಲಕ್ಷಣಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಕ್ರಮವಾಗಿ ವಿವರಿಸಿದಾಗ ಅವನೂ ಇದನ್ನು ನಡುಕದ ಲಕ್ವವೆಂದೇ ಕರೆದನು. ಅವನು ವಿವರಿಸಿದ್ದು ಆರೇ ಮಂದಿಯನ್ನು. ಅವರಲ್ಲಿಯೂ ಕೆಲವರನ್ನು ಬೀದಿಯಲ್ಲಿ ನಡೆದುಹೋಗುವಾಗ ಕಂಡದ್ದು. ಬರಿಯ ಕಣ್ಣಿನಿಂದ ನೋಡಿ ಅಷ್ಟು ಸರಿಯಾಗಿ ಬರೆದ ಮಹಾನುಭಾವನ ಹೆಸರೇ ಮುಂದೆ ರೋಗಕ್ಕೂ ನಿಂತಿತು.

ಆದರೆ ಈ ನಡುಕವೆಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆಂದೇ ನನ್ನ ಅಭಿಪ್ರಾಯ. ಈ ರೋಗವಿದ್ದೂ ನಡುಕವೇ ಇಲ್ಲದವರು ಉಂಟು. ಇದು ಮುಖ್ಯವಾಗಿ ಕದಿಯುವುದು ಚಲನೆಯ ವೇಗವನ್ನು ಮತ್ತು ಚಲನೆಯ ಅಳತೆಯನ್ನು. ಹೆಜ್ಜೆ ಗಿಡ್ಡವಾಗುತ್ತದೆ, ದನಿ ತಗ್ಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದನ್ನು ಮರೆಯುತ್ತದೆ, ಮುಖದಲ್ಲಿ ನಗು ಮೂಡುವುದು ತಡವಾಗುತ್ತದೆ. ನಮ್ಮ ತಾಯಿಯವರಿಗೆ ಈಗ ಎಪ್ಪತ್ತೆಂಟು. ಮೂವತ್ತು ವರ್ಷ ಮಕ್ಕಳ ಬರಹ ತಿದ್ದಿದ ನನ್ನ ಕಣ್ಣಿಗೆ ಅವರಲ್ಲಿ ಮೊದಲು ಕಂಡದ್ದು ಕೈಯ ನಡುಕವಲ್ಲ, ದಿನಸಿಯ ಪಟ್ಟಿ. ‘ತೊಗರಿಬೇಳೆ’ ಎಂಬ ಮಾತು ದಪ್ಪ ಅಕ್ಷರದಲ್ಲಿ ಹೊರಟು ‘ಳೆ’ಗೆ ಬರುವ ಹೊತ್ತಿಗೆ ಸಾಸುವೆಯಷ್ಟು ಸಣ್ಣದಾಗಿತ್ತು. ಅದು ರೋಗದ ಒಂದು ಲಕ್ಷಣವೆಂದು ನರರೋಗ ತಜ್ಞರು ಆಮೇಲೆ ತಿಳಿಸಿದರು.

ಇದರ ಮೂಲ ಇರುವುದು ಮಿದುಳಿನ ನಡುಭಾಗದಲ್ಲಿ. ಅಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ನರಕೋಶ ಸಮೂಹವಿದೆ. ಆ ಕೋಶಗಳು ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸಿ ಚಲನೆಯನ್ನು ನಡೆಸುವ ಭಾಗಗಳಿಗೆ ಕಳುಹಿಸುತ್ತವೆ. ಅವು ಒಂದೊಂದಾಗಿ ನಶಿಸಿದಂತೆ ಡೋಪಮೀನ್ ಕಡಮೆಯಾಗುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲಿ ಈ ದ್ರವ್ಯದ ಮಹತ್ವವನ್ನು ತೋರಿಸಿ, ಆ ಕೆಲಸಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ದೇಹದೊಳಕ್ಕೆ ಹೋಗಿ ಡೋಪಮೀನ್ ಆಗಿ ಮಾರ್ಪಡುವ ಲೆವೊಡೋಪಾ ಎಂಬ ಔಷಧವನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ರೋಗಿಗಳು ಎದ್ದು ನಡೆದಾಡುವರೆಂದು ಜಾರ್ಜ್ ಕೊಟ್ಜಿಯಾಸ್ 1967ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಅದೇ ಮುಖ್ಯ ಔಷಧ. ನಮಗೆ ಸಂತೋಷ ಕೊಡುವ ಸಂಗತಿಯೊಂದಿದೆ: ಇದೇ ಲೆವೊಡೋಪಾ ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಉಂಟೆಂದು ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು 1937ರಷ್ಟು ಹಿಂದೆಯೇ ಬೇರ್ಪಡಿಸಿ ತೋರಿಸಿದ್ದರು. ಹಾಗೆಂದು ಯಾರೂ ನಸುಗುನ್ನಿಯ ಪುಡಿಯನ್ನು ತಾವೇ ತಂದು ಮಾತ್ರೆಯ ಜೊತೆಗೆ ನುಂಗಿಸಬಾರದು. ಪುಡಿಯಲ್ಲಿ ಔಷಧವೆಷ್ಟಿದೆಯೆಂದು ತಿಳಿಯದು. ಎರಡೂ ಕೂಡಿ ಮಿತಿಮೀರಿದರೆ ಕೇಡು.

ಈಗ ಮುಖ್ಯ ವಿಷಯಕ್ಕೆ ಬರೋಣ. ಔಷಧ ಚಲನೆಯ ಆಜ್ಞೆಯನ್ನು ಸರಿಪಡಿಸೀತು. ಆದರೆ ಆ ಆಜ್ಞೆಯನ್ನು ನಡೆಸಬೇಕಾದದ್ದು ತೊಡೆಯ ಸ್ನಾಯು, ಸೊಂಟದ ಸ್ನಾಯು, ಬೆನ್ನಿನ ಸ್ನಾಯು. ಅವುಗಳಲ್ಲಿ ಕಸುವಿಲ್ಲದಿದ್ದರೆ ಯಾವ ಮಾತ್ರೆಯೂ ಆ ಕಸುವನ್ನು ತಂದುಕೊಡದು. ಮುಪ್ಪಿನಲ್ಲಿ ಎಲ್ಲರಿಗೂ ಸ್ನಾಯು ಕರಗುತ್ತದೆ; ಅರವತ್ತರ ಮೇಲೆ ಇನ್ನೂ ಬೇಗ. ಪಾರ್ಕಿನ್ಸನ್ ರೋಗದಲ್ಲಿ ಇದರ ಮೇಲೆ ಇನ್ನೆರಡು ಹೊರೆ ಬೀಳುತ್ತದೆ. ಮಿದುಳು ಇರುವ ಸ್ನಾಯುವನ್ನೂ ಪೂರ್ತಿಯಾಗಿ, ತ್ವರಿತವಾಗಿ ಕೆಲಸಕ್ಕೆ ಹಚ್ಚಲಾರದು, ಇದು ಒಂದು. ಇನ್ನೊಂದು ನಮ್ಮ ಪ್ರೀತಿ.

ಹೀಗೆ ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ನೀವೇ ಯೋಚಿಸಿ ನೋಡಿ. ತಂದೆಗೆ ಇಂಥ ರೋಗವೆಂದು ತಿಳಿದ ದಿನದಿಂದ ಮನೆಯಲ್ಲಿ ಏನು ನಡೆಯುತ್ತದೆ? ಜಗಲಿಯಲ್ಲೊಂದು ಆರಾಮಕುರ್ಚಿ ಬರುತ್ತದೆ. ಪತ್ರಿಕೆ ಅಲ್ಲಿಗೇ, ಕಾಫಿ ಅಲ್ಲಿಗೇ, ಊಟದ ತಟ್ಟೆಯೂ ಅಲ್ಲಿಗೇ. ಅವರು ಏಳಲು ಹವಣಿಸಿದರೆ ಸೊಸೆ ಓಡಿಬಂದು, ‘ನೀವೇಕೆ ಏಳ್ತೀರಿ ಮಾವ, ನಾನು ತಂದುಕೊಡ್ತೇನೆ’ ಎನ್ನುತ್ತಾಳೆ. ಮಗ ಬಂದರೆ ಎರಡು ರಟ್ಟೆ ಹಿಡಿದು ಎತ್ತಿಯೇ ಬಿಡುತ್ತಾನೆ. ಎಲ್ಲವೂ ಮರ್ಯಾದೆಯಿಂದ, ಅಂತಃಕರಣದಿಂದ. ಆರು ತಿಂಗಳಾದ ಮೇಲೆ ನೋಡಿದರೆ, ಮೊದಲು ನಿಧಾನವಾಗಿಯಾದರೂ ತಾವೇ ಏಳುತ್ತಿದ್ದವರು ಈಗ ಏಳಲಾರರು. ರೋಗ ಹೆಚ್ಚಾಯಿತೆಂದು ಮನೆಯವರು ತಿಳಿಯುತ್ತಾರೆ. ರೋಗ ಹೆಚ್ಚಿದ್ದು ಸ್ವಲ್ಪ, ಕುಳಿತದ್ದು ಬಹಳ. ಯಾರ ಸಹಾಯವೂ ಇಲ್ಲದೆ ಕುರ್ಚಿಯಿಂದೆದ್ದು ಬಚ್ಚಲಿಗೆ ಹೋಗಿಬರಬಲ್ಲ ಮನುಷ್ಯನಿಗೂ, ಅದಕ್ಕಾಗಿ ಇನ್ನೊಬ್ಬರನ್ನು ಕೂಗಿ ಕಾಯಬೇಕಾದ ಮನುಷ್ಯನಿಗೂ ಎಷ್ಟು ಅಂತರ! ಈ ಅಂತರ ಬಹುಮಟ್ಟಿಗೆ ತೊಡೆಯ ಬಲದ್ದು. ಆದುದರಿಂದಲೇ ಬಲಸಾಧನೆಯ ಮಾತು.

ಈ ವಯಸ್ಸಿನಲ್ಲಿ ಬಲ ಬರುವುದುಂಟೆ? ಉಂಟು. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ತೊಂಬತ್ತರ ಆಸುಪಾಸಿನ, ಬಹು ದುರ್ಬಲರಾದ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ತೊಡೆಯಿಂದ ತೂಕವೆತ್ತುವ ಸಾಧನೆ ಮಾಡಿಸಿದರು. ಕೊನೆಯವರೆಗೆ ನಿಂತ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಇಬ್ಬರು ಕೈಗೋಲು ಬಿಟ್ಟು ನಡೆದರು. ಇನ್ನು ಪಾರ್ಕಿನ್ಸನ್ ರೋಗಿಗಳ ವಿಷಯ: 2013ರಲ್ಲಿ ಡೇನಿಯಲ್ ಕಾರ್ಕೋಸ್ ಮತ್ತು ಸಂಗಡಿಗರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ನಲವತ್ತೆಂಟು ಮಂದಿಯನ್ನು ಎರಡು ಗುಂಪು ಮಾಡಿ, ವಾರಕ್ಕೆ ಎರಡು ದಿನದಂತೆ ಎರಡು ವರ್ಷ ಸಾಧನೆ ಮಾಡಿಸಿದ್ದರು. ಒಂದು ಗುಂಪಿಗೆ ಮೈ ಹಿಗ್ಗಿಸುವ, ಸಮತೋಲದ, ಹಗುರವಾದ ವ್ಯಾಯಾಮ. ಮತ್ತೊಂದಕ್ಕೆ ಕಾಲಕಾಲಕ್ಕೆ ತೂಕವನ್ನು ಏರಿಸುತ್ತ ಹೋಗುವ ಸಾಧನೆ. ಆರು ತಿಂಗಳಿಗೆ ಎರಡು ಗುಂಪಿನವರೂ ಸುಧಾರಿಸಿದ್ದರು, ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಎರಡು ವರ್ಷವಾದ ಮೇಲೆ, ಔಷಧದ ಪ್ರಭಾವವಿಲ್ಲದ ಹೊತ್ತಿನಲ್ಲಿ ಪರೀಕ್ಷಿಸಿದಾಗ, ತೂಕ ಏರಿಸಿದವರ ಚಲನೆ ಸ್ಪಷ್ಟವಾಗಿ ಮೇಲಾಗಿತ್ತು. ಮೂರು ವಾರ ಮಾಡಿಸಿ ‘ಏನೂ ಗುಣ ಕಾಣಲಿಲ್ಲ’ ಎನ್ನುವವರು ಈ ಎರಡು ವರ್ಷವನ್ನು ನೆನಪಿಡಬೇಕು.

ಏರಿಸುತ್ತ ಹೋಗುವುದು ಎಂದೆನಲ್ಲ, ಅದೇ ಇದರ ಗುಟ್ಟು. ಇದನ್ನು ಕಲಿಯಲು ನಾವು ಬಾಸ್ಟನ್ನಿಗೆ ಹೋಗಬೇಕಾಗಿರಲಿಲ್ಲ. ಗರಡಿಯ ಮಣ್ಣು ಮುಟ್ಟಿದ ಹುಡುಗನಿಗೆ ಉಸ್ತಾದನು ಮೊದಲ ದಿನವೇ ದೊಡ್ಡ ಗದೆಯನ್ನು ಕೊಡುವುದಿಲ್ಲ. ಇಂದು ಹತ್ತು ಬಸ್ಕಿ, ಮುಂದಿನ ವಾರ ಹನ್ನೆರಡು. ಸಾಹಿತ್ಯಕ್ಕೂ ಸಾಮಿಗೂ ದೂರವೆಂದು ನಮ್ಮಂಥ ಪಂಡಿತರು ಭಾವಿಸುವುದುಂಟು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಎಷ್ಟೋ ಮಂದಿ ತರುಣರ ಮೈಕಟ್ಟನ್ನು ತಿದ್ದಿದವರು ಎಂಬುದನ್ನು ನೆನೆದರೆ ಆ ಭಾವನೆ ಹೋದೀತು. ಅದಿರಲಿ. ಗರಡಿಯ ಹುಡುಗನಿಗೂ ನಮ್ಮ ಮನೆಯ ಹಿರಿಯರಿಗೂ ನಿಯಮ ಒಂದೇ: ಸ್ನಾಯುವಿಗೆ ತಾನು ದಿನವೂ ಮಾಡುವುದಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ ಸಿಗಬೇಕು, ನಡುವೆ ಬಿಡುವು ಸಿಗಬೇಕು, ಅದು ಸುಲಭವಾದಾಗ ಇನ್ನಷ್ಟು ಸೇರಬೇಕು.

ಆರಂಭಕ್ಕೆ ಮೊದಲು ವೈದ್ಯರನ್ನು ಕಾಣತಕ್ಕದ್ದು. ಹೃದಯ, ಮಂಡಿ, ಮೂಳೆಗಳ ಸ್ಥಿತಿಯನ್ನು ಅವರು ನೋಡಲಿ. ರಕ್ತದ ಒತ್ತಡವನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಅಳೆಯುವಂತೆ ಕೇಳಿ. ಏಕೆಂದರೆ ಈ ರೋಗದಲ್ಲಿ ಎದ್ದೊಡನೆ ಒತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ಅಂಥವರು ಏಳುವ ಮುಂಚೆ ಕುಳಿತಲ್ಲೇ ಪಾದಗಳನ್ನು ಹತ್ತಾರು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಫಿಸಿಯೋಥೆರಪಿ ತಿಳಿದವರಿಂದ ಮೊದಲ ಕೆಲವು ದಿನದ ಪಾಠವನ್ನು ಹೇಳಿಸಿಕೊಂಡರೆ ಬಹಳ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಹೋಗುವವರು ಔಷಧದ ಚೀಟಿ ಬರೆಸಿಕೊಂಡು ಬಂದುಬಿಡದೆ ವ್ಯಾಯಾಮದ ಮಾತನ್ನೂ ತಾವಾಗಿ ಎತ್ತಬೇಕು. ನಾನು ಮೊದಲು ಹೋದ ಒಂದು ಕಡೆ, ‘ಸ್ವಲ್ಪ ವಾಕಿಂಗ್ ಮಾಡಿಸಿ’ ಎಂಬ ಮೂರು ಮಾತಿಗೆ ಉಪದೇಶ ಮುಗಿದಿತ್ತು. ನಡಿಗೆ ಒಳ್ಳೆಯದೇ, ಆದರೆ ನಡಿಗೆಯಿಂದ ತೊಡೆಗೆ ಏಳುವ ಬಲ ಬಾರದು.

ಹೊತ್ತಿನ ವಿಷಯದಲ್ಲಿ ಎಚ್ಚರ ಬೇಕು. ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆದಮೇಲೆ ಮೈ ಸಡಿಲವಾಗುವ ಒಂದು ಸಮಯ ಬರುತ್ತದೆ. ನಿಮ್ಮ ತಂದೆತಾಯಿಗಳಿಗೆ ಅದು ಯಾವಾಗ ಬರುತ್ತದೆಂದು ನಾಲ್ಕು ದಿನ ಗಡಿಯಾರ ನೋಡಿ ಗುರುತಿಟ್ಟುಕೊಳ್ಳಿ. ಸಾಧನೆಯೆಲ್ಲ ಆ ಹೊತ್ತಿಗೇ. ಔಷಧದ ಶಕ್ತಿ ಇಳಿದು ಮೈ ಮರಗಟ್ಟಿದಾಗ ಬಲವಂತ ಮಾಡುವುದು ಬೀಳುವುದಕ್ಕೆ ದಾರಿ. ನಮ್ಮ ಮನೆಯಲ್ಲಿ ರೇಡಿಯೋದ ಬೆಳಗಿನ ವಾರ್ತೆ ಮುಗಿದು ಹಾಡು ಶುರುವಾಗುವ ವೇಳೆಗೆ ಆ ಸಮಯ ಕೂಡಿಬರುತ್ತದೆ.

ಇನ್ನು ಸಾಧನೆಗಳು. ಎಲ್ಲಕ್ಕೂ ಮೊದಲನೆಯದು, ಬೇರೊಂದನ್ನೂ ಮಾಡಲಾಗದಿದ್ದರೂ ಬಿಡಬಾರದ್ದು, ಕುರ್ಚಿಯಿಂದ ಏಳುವುದು ಮತ್ತು ಕುಳಿತುಕೊಳ್ಳುವುದು. ಆರಾಮಕುರ್ಚಿಯನ್ನು ಪಕ್ಕಕ್ಕಿಡಿ, ತಗ್ಗಾಗಿ ಹಿಂದಕ್ಕೆ ವಾಲಿದ ಅದರಿಂದ ಗಟ್ಟಿಮುಟ್ಟಾದವರೂ ಏಳುವುದು ಕಷ್ಟ. ಕೈಗಳಿರುವ, ಗಟ್ಟಿಯಾದ ಮರದ ಕುರ್ಚಿಯೊಂದನ್ನು ಗೋಡೆಗೆ ಆನಿಸಿ ಇಡಿ, ಹಿಂದಕ್ಕೆ ಜರುಗಬಾರದು. ಕುಳಿತವರ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು. ಇಲ್ಲದಿದ್ದರೆ ಗಟ್ಟಿಯಾದ ದಿಂಬು ಹಾಕಿ. ಈಗ ಕ್ರಮ ಹೀಗೆ: ಕುರ್ಚಿಯ ಮುಂದಿನ ಅಂಚಿಗೆ ಜರುಗಿ ಬರುವುದು. ಎರಡು ಪಾದಗಳನ್ನೂ ಸ್ವಲ್ಪ ಅಗಲಿಸಿ, ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳುವುದು. ಆಮೇಲೆ ಮುಂದಕ್ಕೆ ಬಾಗುವುದು. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವ ತನಕ ಬಾಗಬೇಕು. ಇಲ್ಲಿಯೇ ಎಲ್ಲರೂ ಎಡವುವುದು. ಮುಂದೆ ಬಿದ್ದೇನೆಂಬ ಹೆದರಿಕೆಯಿಂದ ಹಿರಿಯರು ಬೆನ್ನನ್ನು ಹಿಂದಕ್ಕೇ ಇಟ್ಟುಕೊಂಡು ಏಳಲು ಹೋಗುತ್ತಾರೆ; ಅರ್ಧಕ್ಕೆ ಎದ್ದು ಧೊಪ್ಪನೆ ಕೂರುತ್ತಾರೆ. ಬಲವಿಲ್ಲವೆಂದು ತಿಳಿದಿದ್ದ ಎಷ್ಟೋ ಮಂದಿ, ಬಾಗುವುದನ್ನು ಕಲಿತ ದಿನವೇ ಏಳುತ್ತಾರೆ. ಬಾಗಿದ ಮೇಲೆ ನೆಲವನ್ನು ಒತ್ತಿ ನೆಟ್ಟಗೆ ನಿಲ್ಲುವುದು. ನಿಂತು ಎದೆಯನ್ನು ಅರಳಿಸಿ ಎದುರು ಗೋಡೆಯ ಕ್ಯಾಲೆಂಡರನ್ನು ನೋಡುವುದು. ಕುಳಿತುಕೊಳ್ಳುವಾಗ ಕುರ್ಚಿ ಕಾಲಿನ ಹಿಂಬದಿಗೆ ತಗುಲಿದೆಯೆಂದು ಖಚಿತಪಡಿಸಿಕೊಂಡು, ಮೂರೆಣಿಸುವಷ್ಟು ನಿಧಾನವಾಗಿ ಇಳಿಯಬೇಕು. ಏಳುವುದು ಚುರುಕಾಗಿ, ಇಳಿಯುವುದು ನಿಧಾನವಾಗಿ. ನಿಧಾನವಾಗಿ ಇಳಿಯುವುದರಲ್ಲಿಯೂ ಸ್ನಾಯುವಿಗೆ ಚೆನ್ನಾದ ದುಡಿಮೆಯುಂಟು.

ನೀವು ಎಲ್ಲಿ ನಿಲ್ಲಬೇಕು? ಎದುರಿಗಲ್ಲ. ಎದುರಿಗೆ ನಿಂತರೆ ಅವರು ಬಾಗಲು ಜಾಗವಿರದು. ಮೇಲಾಗಿ ನಿಮ್ಮ ಕೈ ತಾನಾಗಿ ಅವರ ಕೈಯನ್ನು ಎಳೆಯುತ್ತದೆ. ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು, ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯ ಹತ್ತಿರ ಕೈಯಿಟ್ಟುಕೊಂಡಿರಿ. ಅವರು ತೂರಾಡಿದರೆ ಹಿಡಿಯಲು ಆ ಕೈ, ಎತ್ತಲು ಅಲ್ಲ. ರಟ್ಟೆ ಹಿಡಿದು ಜಗ್ಗಿದರೆ ಹಿರಿಯರ ಭುಜದ ಕೀಲಿಗೆ ಪೆಟ್ಟಾಗುತ್ತದೆ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡಷ್ಟು ತಾಳ್ಮೆ ಬೇಕು, ಹಾಗೆಂದು ಜೇಬಿನಲ್ಲಿಡಲೂಬಾರದು. ಇದು ಮಗನಾದವನಿಗೆ ತೊಡೆಯ ಸಾಧನೆಗಿಂತ ಕಠಿಣವಾದ ಸಾಧನೆ.

ಮೊದಲು ಕುರ್ಚಿಯ ಕೈಗಳನ್ನು ಒತ್ತಿಕೊಂಡು ಎದ್ದರೂ ಆದೀತು. ಐದು ಬಾರಿ ಎದ್ದು ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು ಬಾರಿ. ಅದು ಎಂಟಾಗಲಿ, ಹತ್ತಾಗಲಿ. ಆಮೇಲೆ ಒಂದೇ ಕೈ ಒತ್ತಿ, ಬಳಿಕ ಕೈಗಳನ್ನು ಎದೆಯ ಮೇಲೆ ಕಟ್ಟಿ. ಅದೂ ಸುಲಭವಾದ ಮೇಲೆ ಹಾಕಿದ್ದ ದಿಂಬನ್ನು ತೆಗೆಯಿರಿ. ಆಸನ ಎರಡಂಗುಲ ತಗ್ಗಿದರೆ ಕೆಲಸ ಎಷ್ಟು ಹೆಚ್ಚುತ್ತದೆಂಬುದನ್ನು ನೀವೇ ಕುಳಿತೆದ್ದು ನೋಡಬಹುದು. ಕೊನೆಗೆ ಒಂದು ಲೀಟರಿನ ನೀರಿನ ಬಾಟಲಿಯನ್ನು ಎದೆಗವಚಿಕೊಂಡು ಏಳಲಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ತಕ್ಕಡಿಯೂ ಬೇಡ, ಅಂಗಡಿಯ ಸಾಮಾನೂ ಬೇಡ.

ಉಳಿದ ಸಾಧನೆಗಳನ್ನು ಬೇಗ ಹೇಳಿಬಿಡುತ್ತೇನೆ. ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಿಂತು ಎರಡು ಹಿಮ್ಮಡಿಗಳನ್ನೂ ಎತ್ತಿ ಇಳಿಸುವುದು. ಹಾಗೆಯೇ ಹಿಡಿದು ನಿಂತು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತುವುದು. ಇದು ಸೊಂಟದ ಪಕ್ಕದ ಸ್ನಾಯುವಿಗೆ, ತಿರುಗುವಾಗ ಬೀಳದಂತೆ ಕಾಯುವುದು ಇದೇ. ಹಳೆಯ ಪ್ಯಾಂಟಿನ ಕಾಲಿನಿಂದ ಉದ್ದನೆಯ ಚೀಲ ಹೊಲೆದು ಅರ್ಧ ಕಿಲೋ ಮರಳು ತುಂಬಿ ಕಣಕಾಲಿಗೆ ಕಟ್ಟಿ, ಕುರ್ಚಿಯಲ್ಲಿ ಕುಳಿತು ಮಂಡಿಯನ್ನು ನೆಟ್ಟಗೆ ಚಾಚುವುದು. ಗೋಡೆಗೆ ಎರಡು ಅಂಗೈಗಳನ್ನೂ ಒತ್ತಿ, ದಂಡ ಹೊಡೆಯುವಂತೆ ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಹಿಂದಕ್ಕೆ ತಳ್ಳುವುದು. ಕಿಟಕಿಯ ಸರಳಿಗೆ ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಭದ್ರವಾಗಿ ಕಟ್ಟಿ, ಕುರ್ಚಿಯಲ್ಲಿ ಕುಳಿತು ಅದರ ಎರಡು ತುದಿಗಳನ್ನೂ ಮೊಣಕೈ ಹಿಂದೆ ಹೋಗುವಂತೆ ಎಳೆಯುವುದು. ಈ ಕೊನೆಯದನ್ನು ಹಗುರವಾಗಿ ಕಾಣಬಾರದು. ಈ ರೋಗದಲ್ಲಿ ಬೆನ್ನು ಬಾಗುತ್ತದೆ, ಭುಜಗಳು ಮುಂದಕ್ಕೆ ಬರುತ್ತವೆ. ಬೆನ್ನಿನ ಸ್ನಾಯುವನ್ನು ಗಟ್ಟಿಮಾಡದಿದ್ದರೆ ನೋಟ ಯಾವಾಗಲೂ ನೆಲದ ಕಡೆಗೇ. ಟ್ಯೂಬು ಬಿರುಕು ಬಿಟ್ಟಿದೆಯೇ ಎಂದು ಪ್ರತಿ ದಿನ ನೋಡಿಕೊಳ್ಳಿ.

ಇವನ್ನೆಲ್ಲ ದಿನವೂ ಮಾಡಿಸುವ ಉತ್ಸಾಹ ಬೇಡ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು, ಒಂದೊಂದು ಸಲಕ್ಕೆ ಅರ್ಧ ಗಂಟೆ. ಅಮೆರಿಕದ ಪಾರ್ಕಿನ್ಸನ್ ಸಂಸ್ಥೆಯೂ ಅಲ್ಲಿಯ ಕ್ರೀಡಾವೈದ್ಯರ ಸಂಸ್ಥೆಯೂ ಕೂಡಿ 2021ರಲ್ಲಿ ಹೇಳಿರುವ ಅಳತೆ ಇದೇ. ಉಳಿದ ದಿನಗಳಲ್ಲಿ ನಡಿಗೆ, ಮೈ ಹಿಗ್ಗಿಸುವುದು, ಸಮತೋಲದ ಸಾಧನೆ ಇರಲಿ. ತೂಕದ ವಿಷಯದಲ್ಲಿ ನನಗೆ ಕಲಿಸಿದವರು ಕೊಟ್ಟ ಅಳತೆ ಹೀಗೆ: ಹತ್ತು ಬಾರಿ ಎತ್ತಬಲ್ಲಂತಿರಬೇಕು, ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು. ಹದಿನೈದು ಬಾರಿ ಆರಾಮವಾಗಿ ಎತ್ತಿದರೆ ಇನ್ನೊಂದು ಕಾಲು ಕಿಲೋ ಮರಳು ಸೇರಿಸುವ ಕಾಲ ಬಂತೆಂದು ತಿಳಿಯಿರಿ. ಮರುದಿನ ಸ್ನಾಯು ಕೊಂಚ ನೊಂದರೆ ಚಿಂತೆಯಿಲ್ಲ. ಆದರೆ ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು, ಕೀಲಿನಲ್ಲಿ ಚುಚ್ಚಿದಂಥ ನೋವು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಎತ್ತುವಾಗ ಉಸಿರು ಕಟ್ಟಬಾರದು. ಇದಕ್ಕೆ ಸುಲಭೋಪಾಯ ಗಟ್ಟಿಯಾಗಿ ಎಣಿಸುವುದು. ಎಣಿಸುವವರು ಉಸಿರು ಕಟ್ಟಲಾರರು. ತಗ್ಗಿಹೋದ ದನಿಗೂ ಅದು ಸಾಮು. ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಿದರೆ ವಾಚಕರು ಕ್ಷಮಿಸುವಿರೆಂದು ನಂಬುತ್ತೇನೆ. ವೈದ್ಯರ ಮಾತ್ರೆ ಒಂದು, ಛಂದಸ್ಸಿನ ಮಾತ್ರೆ ಇನ್ನೊಂದು. ಈ ರೋಗದಲ್ಲಿ ಎರಡೂ ಉಪಯೋಗಕ್ಕೆ ಬರುತ್ತವೆ. ಒಳಗಿನಿಂದ ಬರಬೇಕಾದ ಲಯ ಕುಗ್ಗಿದವರಿಗೆ ಹೊರಗಿನಿಂದ ಲಯ ಒದಗಿಸಿದರೆ ಹೆಜ್ಜೆ ಹಿಗ್ಗುತ್ತದೆಂದು ವೈದ್ಯಶಾಸ್ತ್ರ ಒಪ್ಪಿದೆ. ಪಾಶ್ಚಾತ್ಯರು ಅದಕ್ಕೆ ಟಿಕ್‌ಟಿಕ್ ಎನ್ನುವ ಯಂತ್ರವನ್ನು ಬಳಸುತ್ತಾರೆ. ನಮ್ಮ ಎಣಿಕೆಯಲ್ಲಿಯೇ ಆ ಯಂತ್ರವಿದೆ. ಕೊನೆಯ ಸ್ವರವನ್ನು ಎಳೆದು ‘ಒಂದೂ, ಎರಡೂ, ಮೂರೂ, ನಾಲ್ಕೂ’ ಎಂದು ಹೇಳಿ ನೋಡಿ. ಪ್ರತಿಯೊಂದೂ ಸರಿಯಾಗಿ ನಾಲ್ಕು ಮಾತ್ರೆಯ ಗಣ. ಎರಡು ಕಾಲಿನ ನಡಿಗೆಗೆ ನಾಲ್ಕರ ಗತಿ ಚೆನ್ನಾಗಿ ಕೂಡುತ್ತದೆ. ಎಂಟರವರೆಗೂ ಹೀಗೆಯೇ ಹೋಗುತ್ತದೆ. ‘ಒಂಬತ್ತೂ’ ಮಾತ್ರ ಆರು ಮಾತ್ರೆಯಾಗಿ ಲಯ ಕೆಡಿಸುತ್ತದೆ. ನಮ್ಮ ತಾಯಿಯವರು ಅಲ್ಲಿಗೆ ಬಂದಾಗಲೆಲ್ಲ ಮುಗ್ಗರಿಸುವುದನ್ನು ಕಂಡು ನಾವು ಎಂಟಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ಹೊರಡುತ್ತೇವೆ.

ನಡೆಯುತ್ತ ನಡೆಯುತ್ತ, ಅದರಲ್ಲಿಯೂ ಬಾಗಿಲ ಹತ್ತಿರ, ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವುದು ಈ ರೋಗದ ಇನ್ನೊಂದು ವಿಚಿತ್ರ. ಇದಕ್ಕೆ ಬಲದ ಕೊರತೆ ಕಾರಣವಲ್ಲವಾದ್ದರಿಂದ ಕೈ ಹಿಡಿದು ಎಳೆದು ಪ್ರಯೋಜನವಿಲ್ಲ. ದೇಹ ಮುಂದೆ ಬರುತ್ತದೆ, ಪಾದ ಹಿಂದೆಯೇ ಉಳಿಯುತ್ತದೆ, ಬೀಳುತ್ತಾರೆ. ನಿಲ್ಲಿ ಎನ್ನಿ. ನೆಟ್ಟಗೆ ನಿಂತು, ಭಾರವನ್ನು ಎಡಕ್ಕೂ ಬಲಕ್ಕೂ ತೂಗಿ, ‘ಒಂದೂ’ ಎನ್ನುತ್ತ ಒಂದು ದೊಡ್ಡ ಹೆಜ್ಜೆ ಹಾಕಲಿ. ನೆಲದ ಮೇಲೆ ದಾಟಲು ಒಂದು ಗೆರೆ ಕಂಡರೆ ಎಷ್ಟೋ ಮಂದಿ ಸಲೀಸಾಗಿ ದಾಟುತ್ತಾರೆ. ನಮ್ಮ ಮನೆಯ ನಡುಮನೆಯಿಂದ ಬಚ್ಚಲಿನವರೆಗೆ ನಾನು ಶಾಲೆಯ ಸೀಮೆಸುಣ್ಣದಿಂದ ಮೊಳಕ್ಕೊಂದರಂತೆ ಅಡ್ಡಗೆರೆ ಎಳೆದಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಮರಳೂ ಅಲ್ಲ, ಟ್ಯೂಬೂ ಅಲ್ಲ, ಹಿರಿಯರನ್ನು ಒಪ್ಪಿಸುವುದು. ‘ಈ ವಯಸ್ಸಿನಲ್ಲಿ ನನ್ನನ್ನು ಗರಡಿಗೆ ಸೇರಿಸ್ತೀಯೇನೋ?’ ಎಂದು ನಮ್ಮ ತಾಯಿಯವರು ಕೇಳಿದರು. ‘ಗರಡಿಗಲ್ಲ ಅಮ್ಮ, ಬಚ್ಚಲಿಗೆ. ನೀನೇ ಎದ್ದು ಹೋಗಿಬರೋ ಹಾಗೆ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಸರಿ’ ಎಂದರು. ಸ್ನಾಯು, ಡೋಪಮೀನ್ ಎಂದೆಲ್ಲ ಅರ್ಧ ಗಂಟೆ ವಿವರಿಸಿದ್ದಾಗ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ನಿಮ್ಮ ತಂದೆಗೆ ಬೇಕಾದುದು ದೇವಸ್ಥಾನದ ನಾಲ್ಕು ಮೆಟ್ಟಿಲಿರಬಹುದು, ಮೊಮ್ಮಗುವನ್ನು ಎತ್ತಿಕೊಳ್ಳುವುದಿರಬಹುದು. ಅದನ್ನು ಕೇಳಿ ತಿಳಿದು ಅದರ ಹೆಸರಿನಲ್ಲಿಯೇ ಸಾಧನೆ ಮಾಡಿಸಿ. ಯಾವುದರಲ್ಲಿಯೂ ಮನಸ್ಸಿಲ್ಲದೆ ಕೂರುವುದು, ಬೇಸರ, ಕುಗ್ಗುವಿಕೆ, ಇವೂ ಈ ರೋಗದ ಅಂಗಗಳೇ, ಸೋಮಾರಿತನವೆಂದು ಜರೆಯಬಾರದು. ಅದು ಹೆಚ್ಚಾಗಿದ್ದರೆ ಅದಕ್ಕೂ ಚಿಕಿತ್ಸೆಯುಂಟು, ವೈದ್ಯರಿಗೆ ಹೇಳಬೇಕು. ಇನ್ನು ಬಂಧುಗಳು: ‘ಪಾಪ, ಹೆತ್ತ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಏಳಿಸಿ ಕಾಡ್ತಾನೆ’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಅವರನ್ನು ಒಂದು ಬೆಳಿಗ್ಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಎಣಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಆಮೇಲೆ ಆ ಮಾತು ಬರಲಿಲ್ಲ.

ಆಹಾರದ ಬಗ್ಗೆ ಒಂದೇ ಮಾತು. ಸ್ನಾಯು ಬೆಳೆಯಲು ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಇಂಥ ಪ್ರೋಟೀನಿನ ಆಹಾರ ಬೇಕೇ ಬೇಕು. ಆದರೆ ಅದು ಲೆವೊಡೋಪಾ ಮಾತ್ರೆಯೊಡನೆ ಒಟ್ಟಿಗೆ ಹೊಟ್ಟೆ ಸೇರಿದರೆ ಔಷಧ ರಕ್ತಕ್ಕೂ ಮಿದುಳಿಗೂ ಸೇರುವುದಕ್ಕೆ ಅಡ್ಡಿಯಾಗುವುದುಂಟು. ಆದುದರಿಂದ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲೋ, ಊಟವಾದ ಒಂದು ಗಂಟೆಯ ಮೇಲೋ ಇರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ವೈದ್ಯರು ಹೇಳಿದ ಹೊತ್ತೇ ನಿಮಗೆ ಪ್ರಮಾಣ. ಬೇಳೆಯನ್ನು ಬಿಡಿಸಬೇಡಿ, ಗಳಿಗೆಯನ್ನು ಬದಲಾಯಿಸಿ. ಬಲ ಬಂತೆಂದು ಮಾತ್ರೆಯನ್ನು ತಾವಾಗಿ ಕಡಮೆ ಮಾಡುವುದು ಬಹಳ ಅಪಾಯ.

ಬಲಸಾಧನೆಯಿಂದ ಈ ರೋಗ ಗುಣವಾಗುವುದಿಲ್ಲ. ಕೈಯ ನಡುಕ ಹೋಗುವುದೆಂದು ಭಾವಿಸಿ ಆರಂಭಿಸಿದವರಿಗೆ ನಿರಾಶೆಯಾದೀತು. ಸಿಗುವುದನ್ನು ಅಳೆದು ನೋಡಲು ಸುಲಭವಾದ ಪರೀಕ್ಷೆಯಿದೆ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಕುರ್ಚಿಯಿಂದ ಏಳಬಲ್ಲರು? ತಿಂಗಳಿಗೊಮ್ಮೆ ಎಣಿಸಿ, ಔಷಧದ ಅದೇ ಹೊತ್ತಿನಲ್ಲಿ, ಅದೇ ಕುರ್ಚಿಯಿಂದ. ನಮ್ಮಲ್ಲಿ ಮೊದಲ ಸಲ ಕೈ ಕಟ್ಟಿ ಒಮ್ಮೆಯೂ ಆಗಲಿಲ್ಲ, ಈಗ ಏಳು. ಒಂದು ನಲವತ್ತು ಪುಟದ ಪುಸ್ತಕದಲ್ಲಿ ತಾರೀಖನ್ನೂ ಅಂಕಿಯನ್ನೂ ಅವರ ಕೈಯಿಂದಲೇ, ಎರಡು ಗೆರೆಯ ನಡುವೆ ತುಂಬುವಷ್ಟು ದೊಡ್ಡದಾಗಿ ಬರೆಸುತ್ತೇನೆ. ಜ್ವರವೋ, ಮದುವೆಮನೆಯೋ, ಊರಿನ ಪ್ರಯಾಣವೋ ಬಂದು ಎರಡು ಮೂರು ವಾರ ತಪ್ಪಿದರೆ ಗಳಿಸಿದ ಬಲದಲ್ಲಿ ಒಂದು ಪಾಲು ಹೋಗಿರುತ್ತದೆ. ಆಗ ಹಿಂದಿನ ತೂಕದಿಂದಲೇ ಮೊದಲು ಮಾಡಬೇಡಿ. ಮರಳನ್ನು ಅರ್ಧಕ್ಕೆ ಇಳಿಸಿ, ದಿಂಬನ್ನು ಮತ್ತೆ ಕುರ್ಚಿಗೆ ಹಾಕಿ, ಐದು ಬಾರಿಯಿಂದ ಆರಂಭಿಸಿ.